ಕಾವ್ಯನಾಮ, ಮಿಥ್ಯಾನಾಮ ಮತ್ತು ಬರೆಹಗಾರರ ಶಿಷ್ಟಾಚಾರ

ಗಣಕಯಂತ್ರದಲ್ಲಿ ನಿರ್ಮಿತವಾದ, ದೂರದೂರದ ಜನರು ಏಕಕಾಲಕ್ಕೆ ಪ್ರವೇಶಿಸಿ ಒಡನಾಡಬಲ್ಲ ‘ವರ್ಚುವಲ್’ ಜಗತ್ತುಗಳನ್ನು ಕನ್ನಡದಲ್ಲಿ ಮಿಥ್ಯಾಲೋಕಗಳೆಂದು ಕರೆಯಬಹುದು. ಇಂಥ ಲೋಕಗಳ ಆಗುಹೋಗುಗಳನ್ನು ವರದಿ ಮಾಡುವ, ವಿಮರ್ಶಿಸುವ ಬರೆಹಗಾರರ ಬಳಗವೊಂದು ಕಳೆದ ಎರಡು ದಶಕಗಳಲ್ಲಿ ರೂಪುಗೊಂಡಿದೆ. ಇಲ್ಲಿ ಬರೆಯುವವರೂ ಬರೆಹಕ್ಕೆ ವಸ್ತುವಾದವರೂ ಧರಿಸಿದ ಹೆಸರಿನಿಂದಲೇ ಪರಿಚಿತರು. ಮುಖ ಕಾಣದ, ಊರು ತಿಳಿಯದ ಕಡೆ ಮರ್ಯಾದೆ ಉಳಿಯಲಾರದು. ಆದ್ದರಿಂದ ನಿಜನಾಮ ಕಡ್ಡಾಯವಾಗಬೇಕು ಎಂಬ ವಾದ ಆಗಾಗ ಕೇಳಿಬರುತ್ತದೆ. ಈ ವಾದ ಪುನರ್ವಿಮರ್ಶೆಗೆ ಅರ್ಹವಾಗಿದೆ.

ಧಾರವಾಡದ ಸಾಹಿತ್ಯಪರಂಪರೆಯೇ ಇದಕ್ಕೆ ಒಂದು ಉತ್ತರ ನೀಡುತ್ತದೆ. 1920ರ ದಶಕದಲ್ಲಿ ದ.ರಾ. ಬೇಂದ್ರೆಯವರ ಸುತ್ತ ಬೆಳೆದ ಗೆಳೆಯರ ಗುಂಪಿನಲ್ಲಿ ಕಾವ್ಯನಾಮವೇ ರೂಢಿಯಾಗಿತ್ತು. ಬೇಂದ್ರೆ ‘ಅಂಬಿಕಾತನಯದತ್ತ’ರಾದರು; ಬೆಟಗೇರಿ ಕೃಷ್ಣಶರ್ಮರು ‘ಆನಂದಕಂದ’, ವಿ.ಕೃ. ಗೋಕಾಕರು ‘ವಿನಾಯಕ’, ರಂ.ಶ್ರೀ. ಮುಗಳಿಯವರು ‘ರಸಿಕರಂಗ’ರಾದರು. ಈ ಹೆಸರುಗಳು ಹೊಣೆಯಿಂದ ನುಣುಚಿಕೊಳ್ಳುವ ಮರೆಯಾಗಲಿಲ್ಲ. ‘ನರಬಲಿ’ ಕವಿತೆಗಾಗಿ 1930ರ ದಶಕದ ಆರಂಭದಲ್ಲಿ ಬ್ರಿಟಿಷ್ ಆಡಳಿತ ಶಿಕ್ಷೆ ವಿಧಿಸಿದಾಗ ಸೆರೆವಾಸ ಅನುಭವಿಸಿದವರು ಬೇಂದ್ರೆಯವರೇ. ಬರೆಹಕ್ಕೆ ಅಂಕಿತವಾದ ಹೆಸರು ಯಾವುದೇ ಇರಲಿ, ಅದರ ಋಣವನ್ನು ತೀರಿಸುವವನೊಬ್ಬನಿದ್ದನೆಂಬುದು ಗಮನಾರ್ಹ.

ಕಾವ್ಯನಾಮದ ಹಿಂದಿನ ವ್ಯಕ್ತಿ ಊರಿಗೆಲ್ಲ ಗೊತ್ತಿದ್ದನು. ಮಿಥ್ಯಾನಾಮವಾದರೋ ಬಚ್ಚಿಡುವುದಕ್ಕೇ ಇದೆ ಎಂದು ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ಸತ್ಯಾಂಶವಿದೆ. ಆದರೆ ಬಚ್ಚಿಡುವುದೆಲ್ಲವೂ ಕಪಟವಲ್ಲ. ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರೊಂದು ಊರನ್ನೋ ಕಸುಬನ್ನೋ ಹಲವೊಮ್ಮೆ ಜಾತಿಯನ್ನೋ ಸೂಚಿಸಿಬಿಡುತ್ತದೆ. 2003ರಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡ ‘ಸೆಕೆಂಡ್ ಲೈಫ್’ ಎಂಬ ಮಿಥ್ಯಾಲೋಕದಲ್ಲಿ 2010ರವರೆಗೆ ಹೊಸಬರು ಸಂಸ್ಥೆ ಕೊಟ್ಟ ಪಟ್ಟಿಯಿಂದಲೇ ತಮ್ಮ ಅಡ್ಡಹೆಸರನ್ನು ಆಯ್ದುಕೊಳ್ಳುತ್ತಿದ್ದರು. ಹುಟ್ಟಿನ ಗುರುತಿಲ್ಲದ ಅಡ್ಡಹೆಸರು! ಹೆಣ್ಣುಮಕ್ಕಳಿಗೂ ಜಾತಿಯ ನೋವುಂಡವರಿಗೂ ಇದು ಸಣ್ಣ ಬಿಡುಗಡೆಯಲ್ಲ. ಒಬ್ಬರ ನಿಜಜೀವನದ ವಿವರವನ್ನು ಅವರ ಒಪ್ಪಿಗೆಯಿಲ್ಲದೆ ಬಯಲು ಮಾಡುವುದನ್ನು ಆ ಲೋಕದ ನಿಯಮಾವಳಿ ಅಪರಾಧಗಳ ಸಾಲಿನಲ್ಲಿ ಸೇರಿಸಿದ್ದರ ಹಿಂದಿನ ವಿವೇಕವೂ ಇದೇ.

ಹೆಸರಿನಾಚೆಗೆ ಇನ್ನೊಂದು ಪ್ರಶ್ನೆಯಿದೆ: ಬರೆಹಗಾರ ಯಾರ ಋಣದಲ್ಲಿದ್ದಾನೆ? ವ್ಯಾಗ್ನರ್ ಜೇಮ್ಸ್ ಔ ಎಂಬ ಪತ್ರಕರ್ತರನ್ನು ಸೆಕೆಂಡ್ ಲೈಫಿನ ಒಡೆತನದ ಲಿಂಡನ್ ಲ್ಯಾಬ್ ಸಂಸ್ಥೆಯೇ 2003ರಲ್ಲಿ ವರದಿಗಾರರನ್ನಾಗಿ ನೇಮಿಸಿಕೊಂಡಿತು. 2006ರಿಂದ ಅವರು ಸ್ವತಂತ್ರವಾಗಿ ಬರೆಯತೊಡಗಿದರು. ಇದಕ್ಕೆ ಪ್ರತಿಯಾದ ನಿದರ್ಶನವೂ ಉಂಟು. ‘ದಿ ಸಿಮ್ಸ್ ಆನ್‌ಲೈನ್’ ಎಂಬ ಆಟದ ಲೋಕದ ಅವ್ಯವಹಾರಗಳನ್ನು ಬರೆದ ತತ್ತ್ವಶಾಸ್ತ್ರದ ಪ್ರಾಧ್ಯಾಪಕ ಪೀಟರ್ ಲಡ್ಲೋ ಅವರ ಖಾತೆಯನ್ನು ಅದರ ಸಂಸ್ಥೆ 2003ರ ಡಿಸೆಂಬರಿನಲ್ಲಿ ರದ್ದುಪಡಿಸಿತು. ಲೋಕದ ಒಡೆಯನೇ ಸಂಬಳ ಕೊಡಬಲ್ಲ, ಒಡೆಯನೇ ಹೊರಹಾಕಬಲ್ಲ ಕಡೆ ಬರೆಹಗಾರ ತಾನು ಪಡೆದ ಸಂಬಳ, ಉಡುಗೊರೆ, ನೆರವುಗಳನ್ನು ಓದುಗರೆದುರು ಹೇಳಿಕೊಳ್ಳುವುದು ಕೇವಲ ಸೌಜನ್ಯವಲ್ಲ, ಬರೆಹದ ಪ್ರಾಮಾಣ್ಯಕ್ಕೆ ಅದೇ ಆಧಾರ.

ಕನ್ನಡದ ಮಟ್ಟಿಗೆ ಈ ಚರ್ಚೆ ದೂರದ್ದಲ್ಲ. ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿಗೆಂದು ನಾನಾ ಜಿಲ್ಲೆಗಳಿಂದ ಬಂದ ತರುಣ ತರುಣಿಯರು ಬಾಡಿಗೆ ಕೋಣೆಗಳಲ್ಲಿ ವಾಸಿಸುತ್ತಾರೆ. ಅಪರಿಚಿತರು ‘ಅಣ್ಣಾ’, ‘ಅಕ್ಕಾ’, ‘ದೋಸ್ತ’ ಎಂದು ಕರೆಯುತ್ತ ಬಳಗವಾಗುವುದನ್ನು ಅಲ್ಲಿ ಕಾಣಬಹುದು. ಮೊಬೈಲಿನೊಳಗಿನ ಆಟದ ಲೋಕಗಳೂ ಈ ತಲೆಮಾರಿಗೆ ಅಪರಿಚಿತವಲ್ಲ. ಆ ಲೋಕಗಳ ಕುರಿತು ಕನ್ನಡದಲ್ಲಿ ಬರೆಯುವವರು ಇಂಥವರ ನಡುವಿನಿಂದಲೇ ಬರಬೇಕು. ಆಗ ಎದುರಾಗುವ ಮೊದಲ ತೊಡಕು ವ್ಯಾಕರಣದ್ದು: ವಯಸ್ಸು, ಲಿಂಗ ತಿಳಿಯದವರನ್ನು ‘ಅವನು’ ಎನ್ನಬೇಕೆ, ‘ಅವಳು’ ಎನ್ನಬೇಕೆ? ‘ಅವರು’ ಎಂಬ ಗೌರವಸೂಚಕ ಬಹುವಚನ ಈ ತೊಡಕನ್ನು ಸಹಜವಾಗಿ ಬಿಡಿಸುತ್ತದೆ. ಧಾರವಾಡದ ಆಡುಮಾತಿನ ‘ರೀ’ ಕೂಡ ಎದುರಿಗಿರುವವರ ಲಿಂಗವನ್ನಾಗಲೀ ಜಾತಿಯನ್ನಾಗಲೀ ಕೇಳುವುದಿಲ್ಲ. ಗುರುತು ಕೇಳದೆಯೇ ಗೌರವಿಸುವ ಶಕ್ತಿ ಈ ಭಾಷೆಯಲ್ಲಿ ಅಂತರ್ಗತವಾಗಿದೆ.

ಆದ್ದರಿಂದ ನಿಜನಾಮದ ಒತ್ತಾಯ ಅನವಶ್ಯಕ ಮಾತ್ರವಲ್ಲ, ಹಲವರ ಬಾಯಿ ಮುಚ್ಚಿಸುವಂಥದು. ಅಗತ್ಯವಿರುವುದು ಹೆಸರಿನ ಸ್ಥೈರ್ಯ. ಇಂದು ಒಂದು ಹೆಸರಿನಿಂದ ಹೊಗಳಿ ನಾಳೆ ಮತ್ತೊಂದರಿಂದ ತೆಗಳುವವನಿಗೆ ಬಳಗವಿಲ್ಲ. ಧರಿಸಿದ ಹೆಸರಾದರೂ ಅದನ್ನು ವರ್ಷಗಟ್ಟಲೆ ಉಳಿಸಿಕೊಂಡು, ತಪ್ಪಿದ್ದನ್ನು ಅದೇ ಹೆಸರಿನಲ್ಲಿ ತಿದ್ದಿ, ಇತರರಿಂದ ಪಡೆದ ಮಾಹಿತಿಗೆ ಅವರ ಹೆಸರನ್ನು ಸ್ಮರಿಸಿ ಬರೆಯುವವನ ಮಾತಿಗೆ ಬೆಲೆ ತಾನಾಗಿ ಬರುತ್ತದೆ. ಕಳೆದುಕೊಳ್ಳಲು ಒಂದು ಹೆಸರಿರುವವನು ಮಾತನ್ನು ತೂಗಿ ಆಡುತ್ತಾನೆ. ಅಂಕಿತಕ್ಕೆ ಬದ್ಧವಾಗಿ ಬಾಳಿದ ವಚನಕಾರರ, ಕೀರ್ತನಕಾರರ ನಾಡಿಗೆ ಇದು ಹೊಸ ಪಾಠವೇನೂ ಅಲ್ಲ. ಹೊಸ ಲೋಕದಲ್ಲಿ ಅದನ್ನು ಪಾಲಿಸುವ ಹೊಣೆ ಮಾತ್ರ ಹೊಸದು.