ಯಂತ್ರದ ಕಿವಿಯೂ ನಮ್ಮ ಸೀಮೆಯ ಮಾತೂ

ರಾಯಚೂರಿಗೆ ಗಣಕ ವಿಜ್ಞಾನದ ಉನ್ನತ ಸಂಸ್ಥೆಯೊಂದು ಬಂದುದಕ್ಕೆ ಸಂತೋಷಪಟ್ಟವರಲ್ಲಿ ಕನ್ನಡದ ಅಧ್ಯಾಪಕನಾದ ನಾನೂ ಒಬ್ಬನೆಂದರೆ ಕೆಲವರಿಗೆ ಆಶ್ಚರ್ಯವಾದೀತು. ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು ೨೦೦೨ರಲ್ಲಿ ಪ್ರಾದೇಶಿಕ ಅಸಮತೋಲನದ ವರದಿಯನ್ನು ಒಪ್ಪಿಸಿದಾಗ ದೇವದುರ್ಗವು ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿಯಲ್ಲಿತ್ತು. ರಾಯಚೂರಿಗೆ ಐಐಟಿಯೊಂದು ದೊರೆಯಬೇಕೆಂಬ ಬೇಡಿಕೆಗೂ ಆ ವರದಿಯೇ ಆಧಾರವಾಯಿತು. ಐಐಟಿ ೨೦೧೬ರಲ್ಲಿ ಧಾರವಾಡದಲ್ಲಿ ನೆಲೆಗೊಂಡಿತು. ನಮ್ಮ ಪಾಲಿಗೆ ೨೦೧೯ರಲ್ಲಿ ದೊರೆತದ್ದು ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ. ಜನರ ಬಾಯಲ್ಲಿ ‘ಟ್ರಿಪಲ್ ಐಟಿ’. ಅದು ಆರಂಭದಲ್ಲಿ ಹೈದರಾಬಾದಿನ ಐಐಟಿಯ ಆಶ್ರಯದಲ್ಲಿ ಬೆಳೆದು, ೨೦೨೦ರ ಕಾಯಿದೆಯಿಂದ ಸೂರತ್, ಭೋಪಾಲ, ಭಾಗಲಪುರ, ಅಗರ್ತಲಗಳ ಸಂಸ್ಥೆಗಳೊಡನೆ ‘ರಾಷ್ಟ್ರೀಯ ಮಹತ್ವದ ಸಂಸ್ಥೆ’ಯೆಂಬ ಮಾನ್ಯತೆಯನ್ನು ಪಡೆಯಿತು. ಅಣ್ಣನಿಗೆ ಹೊಲ, ತಮ್ಮನಿಗೆ ಬಣವೆ ಎಂದು ಕೊರಗುವವರು ಇನ್ನೂ ಇದ್ದಾರೆ. ನಾನು ಅವರ ಸಾಲಿನಲ್ಲಿ ನಿಲ್ಲಲಾರೆ. ಬಂದುದರಿಂದ ಏನಾಗಬೇಕು ಎಂಬ ಚಿಂತೆಯೇ ನನಗೆ ದೊಡ್ಡದಾಗಿ ಕಾಣುತ್ತದೆ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು, ಗೆಳೆಯರ ಮಕ್ಕಳಲ್ಲಿ ಕೆಲವರು, ಅಲ್ಲಲ್ಲಿ ಎಂ.ಟೆಕ್., ಪಿಎಚ್.ಡಿ. ಮಾಡುತ್ತಿದ್ದಾರೆ. ಊರಿಗೆ ಬಂದಾಗ ತಮ್ಮ ವಿಷಯಗಳನ್ನು ನನಗೆ ತಿಳಿಯುವಂತೆ ವಿವರಿಸುವ ಸೌಜನ್ಯವನ್ನೂ ತೋರುತ್ತಾರೆ. ಒಬ್ಬನು ಜಾಲಗಳಲ್ಲಿ ದಟ್ಟಣೆಯನ್ನು ತಗ್ಗಿಸುತ್ತಾನೆ. ಇನ್ನೊಬ್ಬಳು ಯಂತ್ರಕ್ಕೆ ಚಿತ್ರಗಳನ್ನು ಗುರುತಿಸಲು ಕಲಿಸುತ್ತಾಳೆ. ಕೇಳುತ್ತ ಹೋದಂತೆ ಒಂದು ಸಂಗತಿ ಮನಸ್ಸಿಗೆ ಬರುತ್ತದೆ: ಪರದೇಶದಲ್ಲಿ ಯಾರೋ ಕೂಡಿಸಿಟ್ಟ ದತ್ತಾಂಶ, ಇನ್ನಾರೋ ರಚಿಸಿದ ಕ್ರಮವಿಧಿ, ಅದರ ಮೇಲೆ ಇವರು ನೂರಕ್ಕೆ ಅರ್ಧ ಅಂಶದಷ್ಟು ಸುಧಾರಣೆಯನ್ನು ಸಾಧಿಸಿ ಪದವಿಯನ್ನು ಪಡೆಯುತ್ತಾರೆ. ಇದನ್ನು ನಾನು ಹಳಿಯುವಂತಿಲ್ಲ. ‘ಇಂಥ ಲೇಖಕರ ಕೃತಿಗಳು: ಒಂದು ಅಧ್ಯಯನ’ ಎಂಬ ಮಹಾಪ್ರಬಂಧಗಳನ್ನು ಗಾಡಿಗಟ್ಟಲೆ ಹೇರಿದ ಕನ್ನಡ ವಿಭಾಗಗಳಿಗೆ ಆ ಅಧಿಕಾರ ಎಲ್ಲಿಂದ ಬಂದೀತು? ಆದರೂ ಒಂದು ಮಾತನ್ನು ಹೇಳಲೇಬೇಕಾಗಿದೆ. ಗಣಕದ ಕ್ರಮವಿಧಿಗೆ ಊರಿಲ್ಲ, ಪ್ರಶ್ನೆಗೆ ಊರುಂಟು. ರಾಯಚೂರಿನಲ್ಲಿ ಕುಳಿತು ಸಂಶೋಧನೆ ಮಾಡುವವನು ರಾಯಚೂರಿನಿಂದಲೇ ಏಳಬಹುದಾದ ಪ್ರಶ್ನೆಯನ್ನು ಕೈಬಿಟ್ಟರೆ, ಅದನ್ನು ಬೇರೆ ಯಾರೂ ಕೈಗೆತ್ತಿಕೊಳ್ಳುವುದಿಲ್ಲ.

ವಿಜ್ಞಾನವು ವಿಶ್ವದ ಸೊತ್ತು, ಅದಕ್ಕೆ ಮಾನ್ವಿಯೇನು ಮ್ಯಾಂಚೆಸ್ಟರೇನು ಎಂದು ವಾದಿಸುವವರಿಗೆ ನಮ್ಮದೇ ಜಿಲ್ಲೆಯ ಮಸ್ಕಿಯ ಬಂಡೆಯನ್ನು ತೋರಿಸಬಯಸುತ್ತೇನೆ. ಬ್ರಾಹ್ಮೀ ಲಿಪಿಯನ್ನು ಜೇಮ್ಸ್ ಪ್ರಿನ್ಸೆಪ್ ೧೮೩೭ರಲ್ಲಿ ಕಲಕತ್ತೆಯಲ್ಲಿ ಕುಳಿತು ಓದಿದನು. ‘ದೇವಾನಾಂಪ್ರಿಯ’ನೆಂದರೆ ಅಶೋಕನೇ ಎಂಬ ಊಹೆ ಸಿಂಹಳದ ಗ್ರಂಥಗಳಿಂದ ದೊರೆತಿತ್ತು. ಆದರೆ ಶಾಸನದೊಳಗೇ ಅಶೋಕನ ಹೆಸರು ಕಂಡದ್ದು ೧೯೧೫ರಲ್ಲಿ, ಚಿನ್ನದ ಅದಿರನ್ನು ಅರಸುತ್ತ ಬಂದ ಎಂಜಿನಿಯರೊಬ್ಬನ ಕಣ್ಣಿಗೆ ಮಸ್ಕಿಯ ಬಂಡೆ ಬಿದ್ದಾಗ. ಓದುವ ವಿಧಾನ ಕಲಕತ್ತೆಯದು, ಸಾಕ್ಷ್ಯ ನಮ್ಮದು. ಒಂದಿಲ್ಲದೆ ಇನ್ನೊಂದು ಅಪೂರ್ಣವಾಗಿಯೇ ಉಳಿಯುತ್ತಿತ್ತು.

ಜಾಲಗಳ ವಿಷಯವನ್ನೇ ತೆಗೆದುಕೊಳ್ಳೋಣ. ೧೯೮೬ರ ಅಕ್ಟೋಬರಿನಲ್ಲಿ ಅಮೆರಿಕೆಯ ಬರ್ಕ್ಲಿಯಲ್ಲಿ, ಕೂಗಳತೆಯಷ್ಟು ದೂರದ ಎರಡು ಸಂಸ್ಥೆಗಳ ನಡುವಣ ಸಂಪರ್ಕದ ವೇಗವು ಸೆಕೆಂಡಿಗೆ ೩೨,೦೦೦ ಬಿಟ್ಟುಗಳಿಂದ ೪೦ಕ್ಕೆ ಕುಸಿಯಿತಂತೆ. ಎಲ್ಲರೂ ಒಮ್ಮೆಗೇ ನುಗ್ಗಿದ್ದರಿಂದ ಯಾರಿಗೂ ದಾರಿಯಿಲ್ಲದಂತಾಗಿತ್ತು. ಅದಕ್ಕೆ ವ್ಯಾನ್ ಜೇಕಬ್ಸನ್ ೧೯೮೮ರಲ್ಲಿ ಪ್ರಕಟಿಸಿದ ಪರಿಹಾರದ ತಿರುಳು ಸರಳವಾದದ್ದು: ದಟ್ಟಣೆಯ ಸುಳಿವು ಸಿಕ್ಕೊಡನೆ ಕಳುಹುವವನೇ ಹಿಂದೆ ಸರಿಯಬೇಕು. ಅದಕ್ಕೂ ಮುಂಚೆ, ೧೯೮೪ರಲ್ಲಿ, ರಾಜ್ ಜೈನ್ ಮತ್ತು ಸಂಗಡಿಗರು ಹಂಚಿಕೆಯ ನ್ಯಾಯವನ್ನು ಅಳೆಯುವ ಸೂಚ್ಯಂಕವೊಂದನ್ನು ಕೊಟ್ಟಿದ್ದರು. ಹತ್ತು ಜನರಿಗೂ ಸಮಪಾಲು ದೊರೆತರೆ ಅದು ಒಂದು. ಒಬ್ಬನೇ ಎಲ್ಲವನ್ನೂ ಕಬಳಿಸಿದರೆ ಹತ್ತನೆಯ ಒಂದು. ಇದನ್ನು ನನಗೆ ವಿವರಿಸಿದ ಹುಡುಗನಿಗೆ ನಾನು ಕೇಳಿದೆ: ‘ಇದು ತುಂಗಭದ್ರೆಯ ಎಡದಂಡೆ ಕಾಲುವೆಯ ಕಥೆಯಲ್ಲವೇನಪ್ಪಾ?’ ಮೇಲಿನ ಭಾಗದವರು ಬತ್ತಕ್ಕೆ ನೀರು ನಿಲ್ಲಿಸಿಕೊಂಡರೆ ಕೊನೆಯ ಭಾಗದ ಮಾನ್ವಿ, ರಾಯಚೂರುಗಳ ರೈತನು ಒಣಗಿದ ಉಪಕಾಲುವೆಯನ್ನು ನೋಡುತ್ತ ಕುಳಿತಿರುತ್ತಾನೆ. ನೀರಿನ ಹರಿವನ್ನು ತೂಬುತೂಬಿಗೂ ಅಳೆದು, ಹಂಚಿಕೆಯ ನ್ಯಾಯವನ್ನು ವಾರವಾರಕ್ಕೂ ಅಂಕಿಯಲ್ಲಿ ತೋರಿಸುವ ಜಾಲವೊಂದು ಪಿಎಚ್.ಡಿ.ಗೆ ಸಾಲದ ವಿಷಯವೆ? ೨೦೨೪ರ ಆಗಸ್ಟ್ ೧೦ರ ರಾತ್ರಿ ಜಲಾಶಯದ ೧೯ನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋದ ಮೇಲಂತೂ ಇದನ್ನು ಹೆಚ್ಚು ಹೇಳಬೇಕಾಗಿಲ್ಲ. ತೂಬಿಗೆ ಬೀಗ ಹಾಕುವುದೂ ಬೀಗ ಒಡೆಯುವುದೂ ಗಣಕದ ಕೈಯಲ್ಲಿಲ್ಲವೆಂಬುದು ನನಗೆ ಗೊತ್ತು. ಆದರೂ ಅನ್ಯಾಯಕ್ಕೆ ಅಂಕಿಯೊಂದು ದೊರೆತರೆ ಅದನ್ನು ಅಲ್ಲಗಳೆಯುವುದು ಕಷ್ಟವಾಗುತ್ತದೆ.

ನೀರಿನ ವಿಷಯ ಬಲ್ಲವರು ಬೇರೆ ಇದ್ದಾರೆ. ನನ್ನ ವ್ಯವಹಾರವೆಲ್ಲ ಮಾತಿನೊಡನೆ. ಯಂತ್ರಕಲಿಕೆಯೆಂಬ ಈ ಹೊಸ ವಿದ್ಯೆ ನನ್ನಂಥವನನ್ನು ತಟ್ಟುವುದು ಅಲ್ಲಿಯೇ.

ದೇವದುರ್ಗದ ಕಡೆಯ ವಿದ್ಯಾರ್ಥಿಯೊಬ್ಬನು ತನ್ನ ಅಜ್ಜಿಯ ಮಾತನ್ನು ಯಂತ್ರಕ್ಕೆ ಕೇಳಿಸಿ ಬರೆಯಿಸಲು ಯತ್ನಿಸಿದನು. ಮುದುಕಿ ‘ಮಳಿ ಬರಾಕತ್ತೈತಿ’ ಎಂದಳು. ಯಂತ್ರವು ‘ಮಳೆ ಬರ ಕತ್ತಲೆ’ ಎಂದು ಬರೆಯಿತು. ಬರುತ್ತಿರುವ ಮಳೆಯು ಬರವಾಗಿ ಕತ್ತಲೆಗೆ ಸಂದಿತು! ನಾವಿಬ್ಬರೂ ನಕ್ಕೆವು, ಆದರೆ ನಗೆ ನಿಂತ ಮೇಲೆ ಯೋಚಿಸಬೇಕಾಯಿತು. ‘ಬರುತ್ತಿದೆ’ ಎಂಬಲ್ಲಿ ಗ್ರಂಥಸ್ಥ ಭಾಷೆ ‘ಇರು’ ಧಾತುವನ್ನು ನೆಮ್ಮಿದರೆ, ನಮ್ಮ ಸೀಮೆಯ ಮಾತು ‘ಹತ್ತು’ ಧಾತುವನ್ನು ನೆಮ್ಮುತ್ತದೆ. ‘ಬರಲಿಕ್ಕೆ ಹತ್ತಿದೆ’ ಎಂಬುದೇ ಸವೆದು ‘ಬರಾಕತ್ತೈತಿ’ ಆಗಿದೆ. ಇದು ಅಶುದ್ಧಿಯಲ್ಲ, ವ್ಯಾಕರಣ. ಹೊಲದಲ್ಲಿ, ಸಂತೆಯಲ್ಲಿ, ಕಚೇರಿಯ ಕಟ್ಟೆಯ ಮೇಲೆ ನಮ್ಮ ಜನ ನಡೆಯುತ್ತಿರುವ ಕ್ರಿಯೆಯನ್ನೆಲ್ಲ ಹೇಳುವುದು ಈ ರೂಪದಲ್ಲಿಯೇ. ಅದನ್ನೇ ತಿಳಿಯದ ಯಂತ್ರವು ಅವರ ವರ್ತಮಾನಕಾಲವನ್ನೇ ತಿಳಿಯಲಿಲ್ಲವೆಂದು ಅರ್ಥ. ಇದರ ಜೊತೆಗೆ ತೆಲುಗಿನ ಗಡಿ ಹತ್ತಿರ. ನಿಜಾಮರ ಕಾಲದ ಉರ್ದು ಮಾತಿನೊಳಗೆ ಬೆರೆತುಹೋಗಿದೆ. ಒಂದೇ ವಾಕ್ಯದಲ್ಲಿ ಮೂರು ಭಾಷೆಗಳ ಪದಗಳು ಬಂದರೂ ಆಡುವವನಿಗೆ ಅದು ಒಂದೇ ಭಾಷೆ.

‘ಕವಿರಾಜಮಾರ್ಗ’ವು ಒಂಬತ್ತನೆಯ ಶತಮಾನದಲ್ಲಿ ಕನ್ನಡದ ತಿರುಳು ನಾಡನ್ನು ಗುರುತಿಸುವಾಗ ಎಣಿಸಿದ ನಾಲ್ಕು ಊರುಗಳಲ್ಲಿ ಕೊಪಣವೂ ಒಂದು. ಅದೇ ಇಂದಿನ ಕೊಪ್ಪಳ. ೧೯೯೭ರವರೆಗೆ ನಮ್ಮ ರಾಯಚೂರು ಜಿಲ್ಲೆಯಲ್ಲಿಯೇ ಇದ್ದ ಊರು. ಅಂದು ಲಾಕ್ಷಣಿಕನಿಗೆ ತಿರುಳಾಗಿ ಕಂಡ ಸೀಮೆಯ ಮಾತು ಇಂದು ಯಂತ್ರಕ್ಕೆ ಸಿಪ್ಪೆಯಾಗಿ ಕಾಣುತ್ತಿದೆ. ಅದೇ ಗ್ರಂಥವು ಕನ್ನಡದ ದೇಸಿಗಳು ಅಸಂಖ್ಯವೆಂದು, ಅವುಗಳ ದೋಷಗಳನ್ನು ಎಣಿಸಲು ವಾಸುಕಿಯೂ ಬೇಸತ್ತಾನೆಂದು ಹೇಳುತ್ತದೆ. ಸಾವಿರ ನಾಲಗೆಯ ವಾಸುಕಿ ಬೇಸತ್ತ ಕೆಲಸಕ್ಕೆ ಬೇಸರವೇ ಇಲ್ಲದ ಗಣಕ ಸಿಕ್ಕಿರುವಾಗ ಸಂಶೋಧಕನು ಹಿಂಜರಿಯಬೇಕೇಕೆ?

ಇನ್ನೊಂದು ಅಡಚಣೆ ಲಿಪಿಯ ಮಟ್ಟದಲ್ಲಿಯೇ ಇದೆ. ಯುನಿಕೋಡಿನ ರೂಢಿಯ ಬರವಣಿಗೆಯಲ್ಲಿ ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟು ಸಾಕು. ನಮ್ಮ ‘ಕ’ಕ್ಕೆ ಮೂರು, ‘ಕಾ’ ಎಂದರೆ ಆರು, ‘ಕ್ಷ’ಕ್ಕೆ ಒಂಬತ್ತು. ಭಾಷಾಮಾದರಿಗಳು ಪಠ್ಯವನ್ನು ತುಣುಕುತುಣುಕಾಗಿ ಒಡೆದು ಓದುತ್ತವೆ. ಒಡೆಯುವ ರೀತಿಯನ್ನು ಬಹುಪಾಲು ಇಂಗ್ಲಿಷಿನಿಂದಲೇ ಕಲಿತ ಮಾದರಿಯು ‘ಬರೆಯಬೇಕಾಗಿತ್ತಂತೆ’ ಎಂಬ ನಮ್ಮ ಒಂದು ಪದವನ್ನು ಎಲುಬು ಮಾಂಸವೆನ್ನದೆ ಕತ್ತರಿಸಿ ಹಾಕುತ್ತದೆ. ತುಣುಕಿನ ಲೆಕ್ಕದಲ್ಲಿ ಹಣ ತೆರಬೇಕಾದಲ್ಲಿ ಅದೇ ಅರ್ಥಕ್ಕೆ ಕನ್ನಡಿಗನು ಹೆಚ್ಚು ಸುಂಕ ಕೊಡಬೇಕಾಗುತ್ತದೆ. ಪದವನ್ನು ಪ್ರಕೃತಿ ಪ್ರತ್ಯಯಗಳ ಸಂದಿಯಲ್ಲಿ ಬಿಡಿಸುವುದು ಹೇಗೆಂಬುದನ್ನು ಹದಿಮೂರನೆಯ ಶತಮಾನದಲ್ಲಿಯೇ ಕೇಶಿರಾಜನು ಸೂತ್ರಗಳಲ್ಲಿ ಕಟ್ಟಿಕೊಟ್ಟಿದ್ದಾನೆ. ‘ಶಬ್ದಮಣಿದರ್ಪಣ’ವನ್ನು ಓದಿದ ಗಣಕ ವಿದ್ಯಾರ್ಥಿ ಎಷ್ಟು ಮಂದಿ? ಗಣಕವನ್ನು ಮುಟ್ಟಿದ ಕೇಶಿರಾಜನ ವಿದ್ಯಾರ್ಥಿ ಎಷ್ಟು ಮಂದಿ?

ಕೆಲಸವೇ ನಡೆದಿಲ್ಲವೆಂದು ನಾನು ಹೇಳುತ್ತಿಲ್ಲ. ವಿನಯ್ ಉದಯ್ ಪ್ರಭು ಅವರು ೨೦೧೯ರಲ್ಲಿ ಕನ್ನಡ ಅಂಕಿಗಳ ಕೈಬರಹವನ್ನು ಬೆಂಗಳೂರಿನ ೬೫ ಮಂದಿಯಿಂದ ಬರೆಯಿಸಿ ಜಗತ್ತಿಗೆ ತೆರೆದಿಟ್ಟರು. ೩ ಮತ್ತು ೭, ೬ ಮತ್ತು ೯ ನಮ್ಮ ಮಕ್ಕಳನ್ನು ಗೊಂದಲಗೊಳಿಸುವಂತೆ ಯಂತ್ರಗಳನ್ನೂ ಪೇಚಿಗೆ ಸಿಕ್ಕಿಸಲು ತಕ್ಕವು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದವರು ‘ರೆಸ್ಪಿನ್’ ಎಂಬ ಯೋಜನೆಯಲ್ಲಿ ಕೃಷಿ ಮತ್ತು ಹಣಕಾಸಿನ ಮಾತುಗಳನ್ನು, ಕನ್ನಡವೂ ಸೇರಿ ಒಂಬತ್ತು ಭಾಷೆಗಳಲ್ಲಿ, ಉಪಭಾಷೆಗಳನ್ನು ಗಮನಿಸಿ ಸಂಗ್ರಹಿಸಿದ್ದಾರೆ. ‘ವಾಣಿ’ ಎಂಬ ಇನ್ನೊಂದು ಯೋಜನೆಯು ದೇಶದ ಜಿಲ್ಲೆಜಿಲ್ಲೆಯ ನುಡಿಯನ್ನೂ ಮುದ್ರಿಸಿಕೊಳ್ಳುವ ಉದ್ದೇಶವುಳ್ಳದ್ದು. ಇವರ ಶ್ರಮಕ್ಕೆ ನಮಸ್ಕಾರ. ಆದರೆ ದೂರದಿಂದ ಬಂದು ಧ್ವನಿಯನ್ನು ಒಯ್ಯುವುದು ಬೇರೆ. ಆ ಧ್ವನಿಯ ನಡುವೆಯೇ ಇದ್ದು, ಯಾವ ಪದ ಎಲ್ಲಿ ಏಕೆ ಹಾಗಾಯಿತೆಂದು ಕೇಳಿ ತಿಳಿಯುವುದು ಬೇರೆ.

ಭಾಷೆಯ ಇನ್ನೊಂದು ಮುಖವೂ ಇದೆ: ಸಂಶೋಧನೆಯನ್ನು ಯಾವ ಭಾಷೆಯಲ್ಲಿ ಬರೆಯಬೇಕು? ಜಗತ್ತಿನ ವಿದ್ವಾಂಸರಿಗಾಗಿ ಇಂಗ್ಲಿಷಿನಲ್ಲಿ ಬರೆಯಲಿ, ಅಡ್ಡಿಯಿಲ್ಲ. ಉಚ್ಚವಿಜ್ಞಾನವನ್ನು ದೇಶಭಾಷೆಯಲ್ಲಿ ಹೇಳಲಾಗದು ಎಂಬ ಮಾತನ್ನು ಮಾತ್ರ ನಮ್ಮ ಸೀಮೆಯವರು ಒಪ್ಪಬಾರದು. ೧೯೪೮ರವರೆಗೆ ನಮ್ಮನ್ನಾಳಿದ ಹೈದರಾಬಾದ್ ಸಂಸ್ಥಾನದಲ್ಲಿ ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ವಿಜ್ಞಾನವನ್ನೂ ವೈದ್ಯವನ್ನೂ ಉರ್ದುವಿನಲ್ಲಿಯೇ ಕಲಿಸಿತು. ಅದಕ್ಕಾಗಿ ಭಾಷಾಂತರ ಕಚೇರಿಯೊಂದನ್ನೇ ತೆರೆದು ಗ್ರಂಥಗಳನ್ನು ಸಿದ್ಧಪಡಿಸಿತು. ಆ ಏರ್ಪಾಡಿನಲ್ಲಿ ಕನ್ನಡಿಗನಿಗೆ ಅವನ ಭಾಷೆ ದೊರೆಯಲಿಲ್ಲವೆಂಬ ಕಹಿ ನಮ್ಮ ಹಿರಿಯರಿಗೆ ಕೊನೆಯವರೆಗೂ ಇತ್ತು. ಆದರೆ ಅಸಾಧ್ಯವೆಂದವರ ಬಾಯಿ ಮುಚ್ಚಿಸಲು ಅದೇ ನಿದರ್ಶನ ಸಾಕು. ನನ್ನ ಬೇಡಿಕೆ ಅಷ್ಟು ದೊಡ್ಡದೂ ಅಲ್ಲ. ಈ ಜಿಲ್ಲೆಯಲ್ಲಿ ಸಿದ್ಧವಾಗುವ ಪ್ರತಿಯೊಂದು ಗಣಕ ಮಹಾಪ್ರಬಂಧಕ್ಕೂ ನಾಲ್ಕು ಪುಟಗಳ ಕನ್ನಡ ಸಾರಾಂಶವಿರಲಿ. ಪಾರಿಭಾಷಿಕ ಶಬ್ದಗಳಿಗೆ ಹೆದರಬೇಕಾಗಿಲ್ಲ. ಪ್ಯಾಕೆಟ್ಟನ್ನು ಪ್ಯಾಕೆಟ್ಟೆಂದೇ ಬರೆಯಲಿ. ಮಾನ್ವಿಯ ಪ್ರೌಢಶಾಲೆಯ ಮೇಷ್ಟರು ಅದನ್ನೋದಿ ತಿಳಿದುಕೊಳ್ಳುವಂತಿದ್ದರೆ ಸಾಕು. ಹೊರರಾಜ್ಯಗಳಿಂದ ಬಂದ ವಿದ್ಯಾರ್ಥಿಗಳ ಗತಿಯೇನೆಂದರೆ, ಸಾರಾಂಶ ಬರೆದುಕೊಡುವ ಹೊಣೆಯನ್ನು ಊರಿನ ಕನ್ನಡ ಅಧ್ಯಾಪಕರು ಹೊರಬೇಕು. ನಾನಂತೂ ಸಿದ್ಧ.

ಅಧ್ಯಾಪಕರ ಪಾಲಿನ ಕೆಲಸ ಅಷ್ಟಕ್ಕೇ ಮುಗಿಯುವುದಿಲ್ಲ. ದಾಸಸಾಹಿತ್ಯದ ಎರಡನೆಯ ಘಟ್ಟವೆಲ್ಲ ಈ ನೆಲದ ಬೆಳೆ. ವಿಜಯದಾಸರು ಮಾನ್ವಿ ತಾಲೂಕಿನ ಚೀಕಲಪರ್ವಿಯವರು, ಗೋಪಾಲದಾಸರು ದೇವದುರ್ಗ ತಾಲೂಕಿನ ಮೊಸರಕಲ್ಲಿನವರು, ಜಗನ್ನಾಥದಾಸರು ಬ್ಯಾಗವಾಟದವರು, ಮಾನ್ವಿಯಲ್ಲಿ ಬಾಳಿದವರು. ಹಾಡುಗಳು ಬಾಯಿಂದ ಬಾಯಿಗೆ ಬಂದಿರುವುದರಿಂದ ಅಂಕಿತಗಳು ಅದಲುಬದಲಾಗಿರುವುದುಂಟು. ಒಂದೇ ಹಾಡು ಇಬ್ಬರ ಹೆಸರಿನಲ್ಲಿ ಅಚ್ಚಾಗಿರುವುದೂ ಉಂಟು. ಅಮೆರಿಕೆಯಲ್ಲಿ ಮಾಸ್ಟೆಲರ್ ಮತ್ತು ವಾಲೇಸ್ ಎಂಬ ಸಂಖ್ಯಾಶಾಸ್ತ್ರಜ್ಞರು ೧೯೬೪ರಲ್ಲಿ, ಕರ್ತೃತ್ವ ವಿವಾದಾಸ್ಪದವಾಗಿದ್ದ ‘ಫೆಡರಲಿಸ್ಟ್’ ಲೇಖನಗಳು ಹನ್ನೆರಡೂ ಮ್ಯಾಡಿಸನ್ನನವೇ ಎಂಬ ನಿರ್ಣಯಕ್ಕೆ ಬಂದದ್ದು ಅಲ್ಪಪದಗಳ ಎಣಿಕೆಯಿಂದ. ಲೇಖಕನು ಗಮನವಿಲ್ಲದೆ ಬಳಸುವ ಅವ್ಯಯಗಳೇ ಅವನ ಬೆರಳಚ್ಚು ಎಂಬ ತರ್ಕದಿಂದ. ಗುರುಶಿಷ್ಯರ ಶೈಲಿ ಒಂದರೊಳಗೊಂದು ಇಳಿದುಬಂದಿರುವ ನಮ್ಮ ದಾಸರಲ್ಲಿ ಈ ಎಣಿಕೆ ಅದಕ್ಕಿಂತ ಕಠಿಣ, ಆದ್ದರಿಂದಲೇ ಸಂಶೋಧನೆಗೆ ಹೆಚ್ಚು ಯೋಗ್ಯ. ಆದರೆ ಯಂತ್ರಕ್ಕೆ ಉಣಿಸಲು ಶುದ್ಧ ಪಾಠ ಬೇಕು. ಪಾಠವನ್ನು ಸಿದ್ಧಗೊಳಿಸಬೇಕಾದವರು ನಾವು. ಹಳೆಯ ಧಾಟಿಯಲ್ಲಿ ಹಾಡಬಲ್ಲ ವೃದ್ಧರು ಆ ಊರುಗಳಲ್ಲಿ ಇನ್ನೂ ಕೆಲವರಿದ್ದಾರೆ. ಬರುವ ಬೇಸಗೆಯ ರಜೆಯಲ್ಲಿ ಗಣಕದ ವಿದ್ಯಾರ್ಥಿಯೊಬ್ಬ, ಕನ್ನಡ ಎಂ.ಎ.ಯ ವಿದ್ಯಾರ್ಥಿಯೊಬ್ಬ ಜೊತೆಗೂಡಿ ಮಾನ್ವಿಯ ಬಸ್ಸು ಹತ್ತಿದರೆ ಕೆಲಸ ಆರಂಭವಾಗುತ್ತದೆ.