ಊದಿದ ಕೈಯ ಒಳಚಿತ್ರ

ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾದ ಎರಡು ವರ್ಷಗಳ ಬಳಿಕ ನನ್ನ ಚಿಕ್ಕಮ್ಮನ ಬಲಗೈ ಊದತೊಡಗಿತು. ಬಳೆ ಏರದಾಯಿತು. ಡೊಂಬಿವಿಲಿಯ ಮನೆಗೆ ಬಂದ ನೆಂಟರೊಬ್ಬರು, ‘ಆನೆಕಾಲು ಕೈಗೂ ಬರುವುದುಂಟೆ?’ ಎಂದು ಕೇಳಿಬಿಟ್ಟರು. ಅಂದಿನಿಂದ ಚಿಕ್ಕಮ್ಮ ಸೆರಗಿನೊಳಗೆ ಕೈ ಮರೆಸಿಕೊಂಡೇ ಹೊರಗೆ ಹೋಗುತ್ತಿದ್ದರು.

ಆನೆಕಾಲು ಎಂಬುದು ಆಕಾರದ ಹೆಸರು, ಕಾರಣದ ಹೆಸರಲ್ಲ. ದುಗ್ಧರಸ ಹರಿಯುವ ದಾರಿ ಕೆಟ್ಟಾಗ ಕೈಕಾಲು ಊದುತ್ತವೆ. ಆ ದಾರಿ ಹುಟ್ಟಿನಿಂದಲೇ ಸರಿಯಾಗಿ ಬೆಳೆಯದೆ ಇರಬಹುದು. ಸೊಳ್ಳೆಯ ಮೂಲಕ ಬಂದ ಫೈಲೇರಿಯಾ ಹುಳು ನಾಳವನ್ನು ಹಿಗ್ಗಿಸಿ ಕೆಡಿಸಿರಬಹುದು. ಕಂಕುಳಿನ ಗ್ರಂಥಿಗಳನ್ನು ತೆಗೆದುದರಿಂದಲೋ ವಿಕಿರಣ ಚಿಕಿತ್ಸೆಯಿಂದಲೋ ಕಡಿದುಹೋಗಿರಬಹುದು. ನೋಡುವವರ ಕಣ್ಣಿಗೆ ಮೂರೂ ಒಂದೇ ಊತ.

ಈ ವ್ಯತ್ಯಾಸವನ್ನು ತೋರಿಸಿಕೊಟ್ಟದ್ದು ಒಳಚಿತ್ರಗಳು. 1950ರ ದಶಕದಲ್ಲಿ ಲಂಡನ್ನಿನ ಶಸ್ತ್ರವೈದ್ಯ ಜಾನ್ ಕಿನ್ಮಂತ್ ಪಾದದ ಸೂಕ್ಷ್ಮ ದುಗ್ಧನಾಳಕ್ಕೇ ದ್ರವ ಚುಚ್ಚಿ, ಅದು ಎಕ್ಸ್‌ರೇಯಲ್ಲಿ ಕಾಣುವಂತೆ ಮಾಡಿದರು. 1990ರ ದಶಕದಲ್ಲಿ ಬ್ರೆಜಿಲಿನ ವೈದ್ಯರು, ಹೊರಗೆ ಯಾವ ಲಕ್ಷಣವೂ ಇಲ್ಲದ ಪುರುಷರ ವೃಷಣಚೀಲದ ಹಿಗ್ಗಿದ ನಾಳಗಳಲ್ಲಿ ಜೀವಂತ ಫೈಲೇರಿಯಾ ಹುಳುಗಳು ಹೊರಳಾಡುವುದನ್ನು ಅಲ್ಟ್ರಾಸೌಂಡಿನಲ್ಲಿ ಕಂಡರು. ಊತ ಕಾಣಿಸಿಕೊಳ್ಳುವ ಮೊದಲೇ ಕೇಡು ಒಳಗೆ ಆರಂಭವಾಗಿರುತ್ತದೆ ಎಂಬುದು ಹೀಗೆ ಕಣ್ಣಿಗೆ ಬಿತ್ತು.

ಚಿಕ್ಕಮ್ಮನಿಗೆ ಬೆರಳುಗಳ ನಡುವೆ ತುಸು ವಿಕಿರಣಶೀಲ ದ್ರವ ಚುಚ್ಚಿ ಚಿತ್ರ ತೆಗೆದರು. ಮುಂಗೈಯಿಂದ ಏರಿದ ಗೆರೆ ಕಂಕುಳಿನ ಕೆಳಗೆ ನಿಂತು, ಚರ್ಮದಡಿ ಮಸುಕಾಗಿ ಹರಡಿತ್ತು. ಹುಳುವಲ್ಲ, ಪಾಪದ ಫಲವೂ ಅಲ್ಲ. ಗ್ರಂಥಿ ತೆಗೆದಲ್ಲಿ ದಾರಿ ಮುಗಿದಿದೆ, ಅಷ್ಟೆ. ಈ ಅಪಾಯವನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಯಾರೂ ಅವರಿಗೆ ಹೇಳಿರಲಿಲ್ಲ. ನನ್ನ ತಕರಾರು ಇರುವುದು ಇಲ್ಲಿಯೇ.

ಊದಿದ ಪ್ರತಿಯೊಬ್ಬರಿಗೂ ಸ್ಕ್ಯಾನ್ ಬೇಕೆಂದು ನಾನು ಹೇಳುತ್ತಿಲ್ಲ. ಎಷ್ಟೋ ಸಲ ರೋಗಿಯ ಹಿಂದಿನ ಕಥೆಯೇ ಕಾರಣವನ್ನು ಹೇಳುತ್ತದೆ. ಚಿತ್ರವೊಂದೇ ಊತವನ್ನು ಇಳಿಸುವುದೂ ಇಲ್ಲ. ಅದಕ್ಕೆ ಬಿಗಿಪಟ್ಟಿ, ವ್ಯಾಯಾಮ, ಚರ್ಮದ ಆರೈಕೆ ನಿತ್ಯವೂ ಬೇಕು. ಆದರೆ ಚಿತ್ರಗಳಿಂದ ಕಲಿತದ್ದನ್ನು ರೋಗಿಗೆ ಮೊದಲೇ ಹೇಳುವುದಕ್ಕೆ ಯಂತ್ರದ ಅಗತ್ಯವಿಲ್ಲ. ಕ್ಯಾನ್ಸರ್ ಮೊದಲು ತಲುಪಬಹುದಾದ ಗ್ರಂಥಿಯನ್ನು ಇಂಥದೇ ದ್ರವದಿಂದ ಗುರುತಿಸಿ, ಅಲ್ಲಿ ರೋಗವಿಲ್ಲವಾದರೆ ಉಳಿದವನ್ನು ಹಾಗೆಯೇ ಬಿಡುವ ಪದ್ಧತಿಯೂ ಇಂದು ಇದೆ. ಅದು ತಮಗೆ ಹೊಂದುತ್ತದೆಯೇ ಎಂದು ನಮ್ಮ ಹೆಂಗಸರು ಕೇಳುವಂತಾಗಬೇಕು.

ಚಿಕ್ಕಮ್ಮ ಈಗ ಬಿಗಿಪಟ್ಟಿ ತೊಟ್ಟ ಕೈಯನ್ನು ಮರೆಸುವುದಿಲ್ಲ. ಕೇಳಿದವರಿಗೆ ಕಾರಣವನ್ನು ತಾವೇ ವಿವರಿಸುತ್ತಾರೆ.