ವಿಶೇಷ ಆಹ್ವಾನಿತರಾಗಿದ್ದು ಸಾಕು: ಅರಸೀಕೆರೆ, ಬೇಲೂರು, ಹಳೇಬೀಡು ಭಾಗದ ಗ್ರಂಥಪಾಲಕರ ಹಕ್ಕೊತ್ತಾಯ ಪತ್ರ

ಇವರಿಗೆ,
ಅಧ್ಯಕ್ಷರು ಮತ್ತು ಕಾರ್ಯಕಾರಿ ಸಮಿತಿಯ ಸದಸ್ಯರು,
ಗ್ರಂಥಾಲಯ ತಂತ್ರಜ್ಞಾನ ಸಂಘ.

ವಿಷಯ: ಸಂಘದ ಪದಾಧಿಕಾರಿ ಸ್ಥಾನಗಳಲ್ಲೂ ತಾಂತ್ರಿಕ ಸಮಿತಿಗಳಲ್ಲೂ ಗ್ರಾಮ ಪಂಚಾಯಿತಿ ಮತ್ತು ತಾಲ್ಲೂಕು ಮಟ್ಟದ ಗ್ರಂಥಪಾಲಕರಿಗೆ ಮತಾಧಿಕಾರವುಳ್ಳ ಸ್ಥಾನ ನೀಡುವ ಬಗ್ಗೆ.

ಮಾನ್ಯರೇ,

ಈ ಪತ್ರಕ್ಕೆ ಸಹಿ ಹಾಕುತ್ತಿರುವವರು ಅರಸೀಕೆರೆ ಮತ್ತು ಬೇಲೂರು ತಾಲ್ಲೂಕುಗಳ ಅರಿವು ಕೇಂದ್ರಗಳ ಮೇಲ್ವಿಚಾರಕರು. ಈ ಭಾಗದ ಶಾಲೆ, ಕಾಲೇಜುಗಳ ಕೆಲವು ಗ್ರಂಥಪಾಲಕರೂ ಜತೆಗಿದ್ದಾರೆ. ಬಾಣಾವರ, ಜಾವಗಲ್, ಗಂಡಸಿ, ಕಣಕಟ್ಟೆಯ ತೆಂಗಿನ ಸೀಮೆಯವರಿದ್ದಾರೆ, ಹಳೇಬೀಡು, ಮಾದಿಹಳ್ಳಿಯವರಿದ್ದಾರೆ, ಅರೇಹಳ್ಳಿ, ಬಿಕ್ಕೋಡಿನ ಕಾಫಿ ತೋಟದ ಕಡೆಯವರೂ ಇದ್ದಾರೆ.

2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. 2020ರಲ್ಲಿ ‘ಓದುವ ಬೆಳಕು’ ಶುರುವಾಗಿ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ಆಮೇಲೆ ಕಂಪ್ಯೂಟರ್ ಬಂತು, ಟಿ.ವಿ. ಬಂತು, ಬಾಗಿಲ ಮೇಲಿನ ಬೋರ್ಡೂ ‘ಅರಿವು ಕೇಂದ್ರ’ ಎಂದಾಯಿತು. ದಿನಪತ್ರಿಕೆ ಹರಡಿಟ್ಟು ಬೀಗ ಕಾಯುವವರು ಎಂದಷ್ಟೇ ನಮ್ಮನ್ನು ಕಂಡಿದ್ದ ಊರು ಈಗ ಪರೀಕ್ಷೆಯ ಫಲಿತಾಂಶಕ್ಕೆ, ಉದ್ಯೋಗದ ಅರ್ಜಿಗೆ, ಸ್ಕಾಲರ್‌ಶಿಪ್ಪಿಗೆ ನಮ್ಮ ಹತ್ತಿರ ಬರುತ್ತಿದೆ. ಇಷ್ಟೆಲ್ಲ ಆದರೂ ಗ್ರಂಥಾಲಯಕ್ಕೆ ಯಾವ ತಂತ್ರಾಂಶ ಬೇಕು, ಅದು ಕನ್ನಡವನ್ನು ಹೇಗೆ ಹುಡುಕಬೇಕು, ತರಬೇತಿ ಎಲ್ಲಿ ನಡೆಯಬೇಕು ಎಂದು ತೀರ್ಮಾನವಾಗುವ ಸಭೆಗೆ ನಮ್ಮನ್ನು ಕರೆಯುವುದು ಕೇಳಿಸಿಕೊಳ್ಳುವುದಕ್ಕೆ ಮಾತ್ರ. ಹಾಗಾಗಿ ಈ ಕೆಳಗಿನ ಹಕ್ಕೊತ್ತಾಯಗಳು.

1. ಶುಲ್ಕ ಕಟ್ಟಿದವರಿಗೆಲ್ಲ ಮತ ಕೊಡಿ.

ಸಹ ಸದಸ್ಯರು ಎಂಬ ವರ್ಗವನ್ನು ರದ್ದು ಮಾಡಿ. ನಮ್ಮಿಂದ ಶುಲ್ಕ ಪಡೆಯುತ್ತೀರಿ, ರಸೀದಿ ಕೊಡುತ್ತೀರಿ, ಚುನಾವಣೆಯ ದಿನ ಪಟ್ಟಿಯಲ್ಲಿ ಹೆಸರಿರುವುದಿಲ್ಲ. ಪಕ್ಕದ ಕೇರಳವನ್ನು ನೋಡಿ. ಪಿ.ಎನ್. ಪಣಿಕ್ಕರ್ 1945ರಲ್ಲಿ ತಿರುವಾಂಕೂರಿನ 47 ಗ್ರಂಥಾಲಯಗಳನ್ನು ಕೂಡಿಸಿ ಕಟ್ಟಿದ ಸಂಘ ಬೆಳೆದು, 1989ರ ಕಾಯ್ದೆಯಲ್ಲಿ ತಾಲ್ಲೂಕು, ಜಿಲ್ಲೆ, ರಾಜ್ಯ ಹೀಗೆ ಮೂರು ಹಂತದ ಚುನಾಯಿತ ಗ್ರಂಥಾಲಯ ಪರಿಷತ್ತಾಗಿ ನಿಂತಿತು. ಹಳ್ಳಿಯ ವಾಚನಾಲಯದ ಪ್ರತಿನಿಧಿಯೇ ಅಲ್ಲಿ ಮತದಾರ. ಕಾಸರಗೋಡಿನಲ್ಲಿ ಕನ್ನಡ ಪುಸ್ತಕ ಜೋಡಿಸಿಟ್ಟುಕೊಂಡು ಕೂತ ವಾಚನಾಲಯಗಳೂ ಅದೇ ಕಾಯ್ದೆಯ ವ್ಯಾಪ್ತಿಯಲ್ಲಿವೆ. ಗಡಿಯಾಚೆಯ ಕನ್ನಡಿಗರಿಗೆ ತೆರೆದಿರುವ ದಾರಿ ಹಾಸನ ಜಿಲ್ಲೆಯಲ್ಲಿ ಮುಚ್ಚಿರಬೇಕಾದ ಕಾರಣವನ್ನು ಸಮಿತಿ ವಿವರಿಸಬೇಕು.

2. ಸ್ಪರ್ಧಿಸಲು ಗ್ರಂಥಾಲಯ ವಿಜ್ಞಾನದ ಸ್ನಾತಕೋತ್ತರ ಪದವಿ ಕಡ್ಡಾಯ ಎಂಬ ಬೈಲಾ ನಿಯಮ ತೆಗೆಯಿರಿ.

ನಮ್ಮಲ್ಲಿ ಹೆಚ್ಚಿನವರ ಹತ್ತಿರ ಇರುವುದು ಗ್ರಂಥಾಲಯ ವಿಜ್ಞಾನದ ಸರ್ಟಿಫಿಕೇಟ್ ಕೋರ್ಸಿನ ಪತ್ರ. ಕೆಲವರು ಕೆಲಸ ಮಾಡುತ್ತಲೇ ಪದವಿ ಮುಗಿಸಿದ್ದಾರೆ. ಪದವಿಯನ್ನು ನಾವು ಹಗುರವಾಗಿ ಕಾಣುತ್ತಿಲ್ಲ. ಅದಿಲ್ಲದವರಿಗೆ ಬಾಗಿಲೇ ಇಲ್ಲ ಎನ್ನುವುದನ್ನು ಒಪ್ಪುತ್ತಿಲ್ಲ. ನೀವು ಪ್ರತಿ ಆಗಸ್ಟ್ 12ರಂದು ಹಾರ ಹಾಕುವ ಎಸ್.ಆರ್. ರಂಗನಾಥನ್ 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದಾಗ ಗಣಿತದ ಮೇಷ್ಟ್ರು. ಗ್ರಂಥಾಲಯದ ತರಬೇತಿ ಏನೂ ಆಗಿರಲಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಲಂಡನ್ನಿಗೆ ಹೋಗಿ ಕಲಿತರು. 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರ ಬರೆದರು, 1962ರಲ್ಲಿ ಬೆಂಗಳೂರಿನಲ್ಲಿ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿದರು. ಇಂದಿನ ನಿಮ್ಮ ಬೈಲಾ ಅಂದಿದ್ದಿದ್ದರೆ ಅವರ ನಾಮಪತ್ರ ಪರಿಶೀಲನೆಯ ಹಂತದಲ್ಲೇ ಬಿದ್ದುಹೋಗುತ್ತಿತ್ತು.

ನಮ್ಮ ಸಲಹೆ ಇಷ್ಟೇ. ಐದು ವರ್ಷ ಗ್ರಂಥಾಲಯ ನಡೆಸಿದವರು, ಸೂಚಿಯನ್ನು ಕಂಪ್ಯೂಟರಿಗೆ ಏರಿಸಿದ ಅನುಭವ ಉಳ್ಳವರು ಯಾವ ಹುದ್ದೆಗೂ ನಿಲ್ಲಬಹುದು ಎಂದಾಗಲಿ. ಉಳಿದದ್ದನ್ನು ಮತದಾರರು ನೋಡಿಕೊಳ್ಳುತ್ತಾರೆ.

3. ‘ವಿಶೇಷ ಆಹ್ವಾನಿತರು’ ಎಂಬ ಕುರ್ಚಿ ಬೇಡ.

ಈ ಕುರ್ಚಿಯ ಬಗ್ಗೆ ಸ್ವಲ್ಪ ಹೇಳಲೇಬೇಕು. ಸಭೆಯ ಹಿಂದಿನ ಸಂಜೆ ವಾಟ್ಸಾಪಿನಲ್ಲಿ ಕರೆ ಬರುತ್ತದೆ. ಕಾರ್ಯಸೂಚಿ ಇಂಗ್ಲಿಷಿನಲ್ಲಿರುತ್ತದೆ. ಹೋದವರಿಗೆ ಹಿಂದಿನ ಸಾಲು, ಒಂದು ಫೈಲು, ಒಂದು ಪೆನ್ನು. ತಂತ್ರಾಂಶ ಮಾರುವವರ ಪರದೆ ಪ್ರದರ್ಶನ ಮುಗಿದ ಮೇಲೆ ‘ಗ್ರಾಮೀಣ ಭಾಗದವರು ಏನಾದರೂ ಹೇಳುವುದಿದ್ದರೆ ಎರಡು ನಿಮಿಷ’ ಎನ್ನುತ್ತಾರೆ. ಎರಡು ನಿಮಿಷದಲ್ಲಿ ನಾವು ಹೇಳಿದ್ದು ನಡಾವಳಿಯಲ್ಲಿ ‘ಚರ್ಚಿಸಲಾಯಿತು’ ಎಂದು ದಾಖಲಾಗುತ್ತದೆ. ಗ್ರೂಪ್ ಫೋಟೋದಲ್ಲಿ ಮಾತ್ರ ನಾವು ತಪ್ಪದೆ ಇರುತ್ತೇವೆ. ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಕಾರ್ಯಕಾರಿ ಸಮಿತಿಯ ಮೂರನೇ ಒಂದು ಭಾಗದಷ್ಟು ಸ್ಥಾನ ಗ್ರಾಮ ಪಂಚಾಯಿತಿ ಮತ್ತು ತಾಲ್ಲೂಕು ಮಟ್ಟದ ಗ್ರಂಥಪಾಲಕರಿಗೆ ಮೀಸಲಿರಲಿ. ಉಪಾಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಹುದ್ದೆಗಳಲ್ಲಿ ಒಂದಾದರೂ ನಮ್ಮವರ ಪಾಲಿಗೆ ಬರಲಿ. ನಡಾವಳಿ ಕನ್ನಡದಲ್ಲಿರಲಿ, ಯಾರು ಏನು ಹೇಳಿದರು ಎಂಬುದೂ ಅದರಲ್ಲಿರಲಿ.

ಹಳ್ಳಿಯವರಿಗೆ ತಂತ್ರಜ್ಞಾನದ ದಿಕ್ಕು ತೋರಿಸಲು ಬಂದೀತೇ ಎಂದು ಸಮಿತಿಯ ಹಿರಿಯರೊಬ್ಬರು ಕೇಳಿದ್ದುಂಟು. ಅವರಿಗೆ ಉತ್ತರ ಅವರ ಕಾಲೇಜಿನ ಕಂಪ್ಯೂಟರಿನಲ್ಲೇ ಇದೆ. ರಾಜ್ಯದ ಎಷ್ಟೋ ವಿಶ್ವವಿದ್ಯಾಲಯ, ಕಾಲೇಜುಗಳಲ್ಲಿ ಓಡುತ್ತಿರುವ ‘ಕೋಹಾ’ ತಂತ್ರಾಂಶ ಹುಟ್ಟಿದ್ದು ಯಾವ ಮಹಾನಗರದಲ್ಲೂ ಅಲ್ಲ. ನ್ಯೂಜಿಲೆಂಡಿನ ಲೆವಿನ್ ಎಂಬ ಸಣ್ಣ ಊರಿನ ಹೊರೊಫೆನುವಾ ಗ್ರಂಥಾಲಯ ಟ್ರಸ್ಟಿನವರ ಹಳೆಯ ವ್ಯವಸ್ಥೆ 2000ನೇ ಇಸವಿ ಬಂದರೆ ಕೆಡುವ ಭಯವಿತ್ತು. ದುಬಾರಿ ತಂತ್ರಾಂಶ ಕೊಳ್ಳುವ ಬದಲು ಅಲ್ಲಿನ ಗ್ರಂಥಪಾಲಕಿ ರೋಸಲಿ ಬ್ಲೇಕ್ ಮತ್ತು ಸಂಗಡಿಗರು ತಮಗೆ ಬೇಕಾದ್ದನ್ನು ಸಣ್ಣ ಕಂಪನಿಯೊಂದರ ಜತೆ ಕೂತು ಮಾಡಿಸಿದರು. 2000ದ ಜನವರಿ ಮೊದಲ ವಾರದಲ್ಲಿ ಅದು ಚಾಲೂ ಆಯಿತು. ಆಮೇಲೆ ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟುಕೊಟ್ಟರು. ಅಲ್ಲಿ ನಿರ್ಧಾರ ಮಾಡುವ ಅಧಿಕಾರ ಗ್ರಂಥಪಾಲಕರ ಕೈಯಲ್ಲಿತ್ತು. ನಾವು ಕೇಳುತ್ತಿರುವುದು ಅದನ್ನೇ. ಅಷ್ಟು ದೂರ ಯಾಕೆ, ನಮ್ಮ ಪಕ್ಕದ ಮೂಡಿಗೆರೆಯ ತೋಟದಲ್ಲಿದ್ದುಕೊಂಡೇ ಪೂರ್ಣಚಂದ್ರ ತೇಜಸ್ವಿ ಕನ್ನಡ ತಂತ್ರಾಂಶದ ವಿಚಾರದಲ್ಲಿ ಸರ್ಕಾರಕ್ಕೆ ಬಿಸಿ ಮುಟ್ಟಿಸಿದ್ದರು.

4. ಅರ್ಧ ಸ್ಥಾನ ಮಹಿಳೆಯರಿಗೆ.

ಕರ್ನಾಟಕದ ಪಂಚಾಯಿತಿಗಳಲ್ಲಿ ಶೇ 50 ಮೀಸಲು ಬಂದು ಎಷ್ಟೋ ವರ್ಷವಾಯಿತು. ಪಂಚಾಯಿತಿಯ ಗ್ರಂಥಾಲಯ ನಡೆಸುವವರ ಸಂಘಕ್ಕೆ ಬೇರೆ ಅಳತೆ ಬೇಡ.

5. ಕನ್ನಡ ತಾಂತ್ರಿಕ ಸಮಿತಿ ಬೇಕು. ಅದರ ಅಧ್ಯಕ್ಷರು ದಿನವೂ ಕನ್ನಡ ಸೂಚಿ ಮಾಡುವ ಗ್ರಂಥಪಾಲಕರೇ ಆಗಿರಬೇಕು.

ಇದು ಈ ಪತ್ರದ ಹುರುಳು. ಯಾಕೆಂದು ಒಂದು ಉದಾಹರಣೆ. 2025ರ ಮೇ ತಿಂಗಳಲ್ಲಿ ನಮ್ಮ ಹಾಸನದ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿಯವರ ಅನುವಾದದಲ್ಲಿ, ಅಂತರರಾಷ್ಟ್ರೀಯ ಬೂಕರ್ ಬಂತು. ಮಾರನೆಯ ದಿನದಿಂದ ಹಳ್ಳಿಯ ಹುಡುಗಿಯರು ‘ಬಾನು ಮೇಡಂ ಪುಸ್ತಕ ಇದೆಯಾ ಸಾರ್’ ಎಂದು ಬರತೊಡಗಿದರು. ಕಂಪ್ಯೂಟರಿನ ಸೂಚಿಯಲ್ಲಿ ‘ಮುಷ್ತಾಕ್’ ಎಂದು ಒತ್ತಿದರೆ ಒಂದು ಪುಸ್ತಕ ಸಿಗುತ್ತದೆ, ‘ಮುಸ್ತಾಕ್’ ಎಂದರೆ ಇನ್ನೊಂದು, ಇಂಗ್ಲಿಷಿನಲ್ಲಿ ಒತ್ತಿದರೆ ಏನೂ ಇಲ್ಲ. ಇದೇ ಜಿಲ್ಲೆಯ ಸಂತೇಶಿವರದ ಭೈರಪ್ಪನವರ ಗತಿಯೂ ಅಷ್ಟೆ. ‘ಬೈರಪ್ಪ’ ಎಂದು ಅಲ್ಪಪ್ರಾಣದಲ್ಲಿ ಹುಡುಕಿದ ಓದುಗರಿಗೆ ಪರದೆಯ ಮೇಲೆ ಸೊನ್ನೆ ಕಾಣುತ್ತದೆ, ಬೆನ್ನ ಹಿಂದಿನ ಕಪಾಟಿನಲ್ಲಿ ಅವರ ಕಾದಂಬರಿಗಳ ಸಾಲೇ ಇರುತ್ತದೆ. ಕುವೆಂಪು ಒಂದು ಕಡೆ, ಕೆ.ವಿ. ಪುಟ್ಟಪ್ಪ ಇನ್ನೊಂದು ಕಡೆ, ‘ಪುಟ್ಟಪ್ಪ ಕೆ.ವಿ.’ ಮತ್ತೊಂದು ಕಡೆ. ಹಳೆಯ ‘ನುಡಿ’ ತಂತ್ರಾಂಶದ ಅಕ್ಷರದಲ್ಲಿ ತುಂಬಿಸಿದ ದಾಖಲೆಗಳನ್ನು ಯೂನಿಕೋಡಿಗೆ ತರುವಾಗ ಒತ್ತಕ್ಷರ ಕಳಚಿಬಿದ್ದದ್ದನ್ನು ಒಂದೊಂದಾಗಿ ತಿದ್ದಿದವರು ನಾವು, ಅಕ್ಸೆಷನ್ ರಿಜಿಸ್ಟರ್ ತೊಡೆಯ ಮೇಲಿಟ್ಟುಕೊಂಡು.

ತಪ್ಪು ಮೊದಲ ಸುತ್ತಿನಲ್ಲೇ ಹಿಡಿಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ‘ೞ’ ಅಕ್ಷರ ಸಾಕ್ಷಿ. ಯೂನಿಕೋಡ್ ಪಟ್ಟಿಯಲ್ಲಿ ಅದರ ಹೆಸರು ‘ಫ’ಕಾರವೇನೋ ಎಂಬಂತೆ ‘ಎಫ್‌ಎ’ ಎಂದು ಸೇರಿಕೊಂಡಿತು. ಒಮ್ಮೆ ಇಟ್ಟ ಹೆಸರು ಬದಲಿಸಬಾರದೆಂಬ ನಿಯಮ ಅಲ್ಲಿರುವುದರಿಂದ ತಪ್ಪು ಹಾಗೇ ಉಳಿದು, ಸರಿಯಾದ ಹೆಸರನ್ನು ಪಕ್ಕದಲ್ಲಿ ತಿದ್ದುಪಡಿಯಾಗಿ ಅಂಟಿಸಬೇಕಾಯಿತು. ಹಳಗನ್ನಡ ಓದಿದ ಒಬ್ಬರು ಆ ಪಟ್ಟಿಯ ಮೇಲೆ ಸಮಯಕ್ಕೆ ಕಣ್ಣಾಡಿಸಿದ್ದರೆ ಸಾಕಿತ್ತು.

6. ಊರಿನ ದಾಖಲೆಯ ಡಿಜಿಟಲೀಕರಣದಲ್ಲಿ ಊರಿನ ಗ್ರಂಥಪಾಲಕರಿಗೆ ಹೊಣೆ ಕೊಡಿ.

ಅತಿ ಹಳೆಯ ಕನ್ನಡ ಶಾಸನವೆಂದು ಹೆಸರಾದ ಹಲ್ಮಿಡಿ ಶಾಸನ ಸಿಕ್ಕಿದ್ದು ಬೇಲೂರು ತಾಲ್ಲೂಕಿನಲ್ಲಿ, 1936ರಲ್ಲಿ ಎಂ.ಎಚ್. ಕೃಷ್ಣ ಬೆಳಕಿಗೆ ತಂದರು. ಮೂಲ ಕಲ್ಲು ಮೈಸೂರಿನಲ್ಲಿದೆ, ಊರಿನಲ್ಲಿರುವುದು ಪ್ರತಿಕೃತಿ. ಬಿ.ಎಲ್. ರೈಸ್ 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಐದನೇ ಸಂಪುಟದಲ್ಲಿ ಬೇಲೂರು, ಅರಸೀಕೆರೆ ಎರಡೂ ತಾಲ್ಲೂಕುಗಳ ಶಾಸನಗಳಿವೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೋ ಪಟ್ಟಿ ಸೇರಿದ ಮೇಲೆ ಶಾಲೆಯ ಮಕ್ಕಳೂ ಪ್ರವಾಸಿಗರೂ ಬಂದು ‘ನಮ್ಮೂರ ಶಾಸನ ಎಲ್ಲಿ ಓದಬಹುದು’ ಎಂದು ಕೇಳುತ್ತಾರೆ. ಊರಿನ ಹೆಸರು ಒತ್ತಿದರೆ ಶಾಸನದ ಪಾಠ ಅರಿವು ಕೇಂದ್ರದ ಪರದೆಯ ಮೇಲೆ ಬರಬೇಕು. ಅಂಥ ಯೋಜನೆ ರೂಪಿಸುವ ಸಮಿತಿಯ ಸಂಚಾಲಕತ್ವ ಈ ಎರಡು ತಾಲ್ಲೂಕಿನವರಿಗೆ ಕೊಡಿ. ಯಾವ ಹಳ್ಳಿ ಈಗ ಯಾವ ಹೆಸರಲ್ಲಿದೆ, ಯಾವುದು ಬೇಚಿರಾಕ್ ಆಗಿದೆ ಎಂಬುದು ಇಲ್ಲಿನವರಿಗೆ ಗೊತ್ತು.

7. ಸಭೆ, ತರಬೇತಿ ಅರಸೀಕೆರೆಯಲ್ಲಿ ಮಾಡಿ.

ಬೆಂಗಳೂರು, ಹುಬ್ಬಳ್ಳಿ, ಮೈಸೂರು, ಶಿವಮೊಗ್ಗ, ಎಲ್ಲ ಕಡೆಯ ರೈಲೂ ಇಲ್ಲಿ ನಿಲ್ಲುತ್ತದೆ. ವರ್ಷಕ್ಕೆ ಎರಡು ಸಭೆಯಾದರೂ ಇಲ್ಲಾಗಲಿ. ಬಂದವರಿಗೆ ಪ್ರಯಾಣ ಭತ್ಯೆ ಸಿಗಲಿ, ಅನ್ಯಕಾರ್ಯ ನಿಮಿತ್ತ ರಜೆಗೆ ಸಂಘವೇ ಪಂಚಾಯಿತಿಗೆ ಪತ್ರ ಬರೆಯಲಿ. ಆನ್‌ಲೈನ್ ಸಭೆಯನ್ನು ಸಂಜೆ ಏಳಕ್ಕೆ ಇಡುವ ರೂಢಿ ನಿಲ್ಲಲಿ. ಬಿಕ್ಕೋಡು, ಅರೇಹಳ್ಳಿ ಕಡೆ ಕಾಡಾನೆಯ ಸುದ್ದಿ ಇದ್ದರೆ ಐದಕ್ಕೇ ಬೀಗ ಹಾಕಿ ಮನೆ ಸೇರಬೇಕು. ಮಳೆಗಾಲದಲ್ಲಿ ಕರೆಂಟು ಹೋದರೆ ನೆಟ್‌ವರ್ಕೂ ಹೋಗುತ್ತದೆ. ಅಂಥ ದಿನ ಗೈರುಹಾಜರಿ ಹಾಕಿ, ಮೂರು ಸಭೆ ತಪ್ಪಿದರು ಎಂದು ಸದಸ್ಯತ್ವ ತೆಗೆಯುವುದು ನ್ಯಾಯವಲ್ಲ.

8. ಅಭ್ಯರ್ಥಿಗಳು ಬರೆದು ಹೇಳಲಿ.

ಅಮೆರಿಕದ ಗ್ರಂಥಾಲಯ ಸಂಘದೊಳಗೆ ಗ್ರಂಥಾಲಯ ಮತ್ತು ಮಾಹಿತಿ ತಂತ್ರಜ್ಞಾನಕ್ಕೆಂದೇ ಒಂದು ವಿಭಾಗವಿತ್ತು. 2020ರಲ್ಲಿ ಅದು ಇನ್ನೆರಡು ವಿಭಾಗಗಳ ಜತೆ ಕೂಡಿ ‘ಕೋರ್’ ಆಯಿತು. ಅಲ್ಲಿ ಹುದ್ದೆಗೆ ನಿಲ್ಲುವವರು ತಾವೇನು ಮಾಡುತ್ತೇವೆಂದು ಬರೆದುಕೊಟ್ಟು ಸದಸ್ಯರ ಮತ ಕೇಳುತ್ತಾರೆ. ನಮ್ಮಲ್ಲಿ ‘ಅವಿರೋಧ ಆಯ್ಕೆ’ ಎಂಬ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ತಿಳಿಯುತ್ತೇವೆ. ಪ್ರತಿ ಅಭ್ಯರ್ಥಿ ಒಂದು ಪುಟದ ಹೇಳಿಕೆ ಕನ್ನಡದಲ್ಲಿ ಕೊಡಲಿ, ಮತಪತ್ರ ಅಂಚೆಯಲ್ಲಿ ಎಲ್ಲರಿಗೂ ತಲುಪಲಿ. ಒಬ್ಬರೇ ಎರಡು ಅವಧಿಗಿಂತ ಹೆಚ್ಚು ಒಂದೇ ಹುದ್ದೆಯಲ್ಲಿ ಇರಬಾರದು.

9. ಓದುಗರ ಮಾಹಿತಿಯ ಮೇಲೆ ಕಾವಲು.

ನಮ್ಮ ಸದಸ್ಯರಲ್ಲಿ ಮಕ್ಕಳು ಬಹಳ. ಯಾವ ಮಗು ಏನು ಓದಿತು ಎಂಬುದು ತಂತ್ರಾಂಶ ಕಂಪನಿಯ ಸರ್ವರಿನಲ್ಲಿ ಕೂರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ, ಮಕ್ಕಳ ನಡೆಯನ್ನು ಹಿಂಬಾಲಿಸುವುದನ್ನು ತಡೆಯುತ್ತದೆ. ಸದಸ್ಯತ್ವ ಅರ್ಜಿಗೆ ಅಪ್ಪ ಅಮ್ಮನ ಸಹಿ ಹಾಕಿಸುವವರು ನಾವು, ಆದರೆ ಕಂಪನಿಯ ಜತೆಗಿನ ಒಪ್ಪಂದ ನಮ್ಮ ಕಣ್ಣಿಗೆ ಬಿದ್ದಿಲ್ಲ. ಒಪ್ಪಂದ ಪರಿಶೀಲಿಸುವ ಸಮಿತಿಯಲ್ಲಿ ಇಬ್ಬರು ಮೇಲ್ವಿಚಾರಕರು ಇರಲೇಬೇಕು.

10. ಲೆಕ್ಕ.

ಆಸ್ತಿ ತೆರಿಗೆಯ ಜತೆ ಜನ ಕಟ್ಟುವ ಗ್ರಂಥಾಲಯ ಕರದಿಂದಲೇ ನಮ್ಮ ಕಪಾಟು ತುಂಬುವುದು. ಆ ಹಣ ಕೊಟ್ಟವರಿಗೆ ಲೆಕ್ಕ ಕೇಳುವ ಹಕ್ಕಿದೆ. ಸಂಘ ಶಿಫಾರಸು ಮಾಡಿದ ಪ್ರತಿ ತಂತ್ರಾಂಶದ ಬೆಲೆ, ವಾರ್ಷಿಕ ನಿರ್ವಹಣಾ ಶುಲ್ಕ, ಉಚಿತವಾಗಿ ಸಿಗುವ ಪರ್ಯಾಯವನ್ನು ಬಿಟ್ಟ ಕಾರಣ, ಮೂರನ್ನೂ ವಾರ್ಷಿಕ ವರದಿಯಲ್ಲಿ ಅಚ್ಚು ಹಾಕಿಸಿ.

ಈ ಹತ್ತಕ್ಕೂ ಬರುವ ಆಗಸ್ಟ್ 12ರೊಳಗೆ ಲಿಖಿತ ಉತ್ತರ ಕೊಡಬೇಕೆಂದು ಕೋರುತ್ತೇವೆ. 1, 2 ಮತ್ತು 5ನೇ ಬೇಡಿಕೆಗಳಲ್ಲಿ ರಾಜಿ ಇಲ್ಲ. 7ನೆಯದರ ಬಗ್ಗೆ ಕೂತು ಮಾತಾಡಬಹುದು. ಅರಸೀಕೆರೆ ಒಗ್ಗದಿದ್ದರೆ ಹಾಸನವೂ ಆದೀತು. ಮುಂದಿನ ಚುನಾವಣೆಗೆ ಎರಡೂ ತಾಲ್ಲೂಕುಗಳಿಂದ ಅಭ್ಯರ್ಥಿಗಳು ನಾಮಪತ್ರ ಸಲ್ಲಿಸುತ್ತಾರೆ. ಬೈಲಾ ತಿದ್ದುಪಡಿ ಆಗಿರಲಿ, ಆಗದಿರಲಿ, ಸಲ್ಲಿಸುತ್ತಾರೆ. ತಿರಸ್ಕರಿಸುವುದಾದರೆ ಕಾರಣವನ್ನು ಕನ್ನಡದಲ್ಲಿ ಬರೆದು, ಸಹಿ, ಮೊಹರು ಹಾಕಿ ಕೊಡಿ.

ಇಂತಿ,
ಅರಸೀಕೆರೆ ಮತ್ತು ಬೇಲೂರು ತಾಲ್ಲೂಕುಗಳ ಅರಿವು ಕೇಂದ್ರ ಮೇಲ್ವಿಚಾರಕರು ಹಾಗೂ ಶಾಲಾ-ಕಾಲೇಜು ಗ್ರಂಥಪಾಲಕರು
(ಸಹಿಗಳ ಪಟ್ಟಿ ಲಗತ್ತಿಸಿದೆ)